ಮದುಮಗಳ ಡಬ್ಬ

“ನೋಡಜ್ಜಿ, ಈ ಹೆಬ್ಬೆರಳು. ಇದರಾಗೆ ಗೆರೆ ಕಾಣ್ತಾವಾ ನಿಂಗೆ? ನಂಗೂ ಕಾಣಲ್ಲ. ಸ್ಕಾಲರ್‌ಶಿಪ್ ಅರ್ಜಿಗೆ ಅಂತ ಕಂಪ್ಯೂಟರ್ ಅಂಗಡಿ ಇಲಿಯಾಸ್ ಮಿಷನ್ ಒರೆಸಿ ಒರೆಸಿ ಹತ್ತೂ ಬೆರಳು ಇಡಿಸಿದ. ಒಂದೂ ತಗಳಲಿಲ್ಲ. ‘ಅಕ್ಕಾ, ಈ ಮಿಷನ್ನಿನ ಪಾಲಿಗೆ ನೀವು ಹುಟ್ಟೇ ಇಲ್ಲ’ ಅಂದ. ನಗಾಡಿದ, ಕೆಟ್ಟ ಹುಡುಗ ಅಲ್ಲ ಅವನು. ಹೋದ ವರ್ಷ ಇದೇ ಬೆರಳು ಇಟ್ಟಿದ್ದೆ, ಟಕ್ ಅಂತ ತಗಂಡಿತ್ತು. ಆಗಿನ್ನೂ ನಾನು ಅಡಿಕೆ ಕತ್ತಿಗೆ ಕೂತಿರಲಿಲ್ಲ. ಬೆರಳು ಆಗದಿದ್ರೆ ಫೋನಿಗೆ ಒಂದು ನಂಬರ್ ಬರ್ತೈತೆ, ಅದನ್ನ ಹೇಳಿದ್ರೂ ನಡೀತೈತೆ ಅಂದ. ಯಾವ ಫೋನಿಗೆ ಬರ್ತೈತಜ್ಜಿ? ಆಧಾರ್ ಮಾಡಿಸಿದಾಗ ನಾನು ಜಗಳೂರಾಗಿದ್ದೆ. ಮನೆಗೆಲ್ಲ ಆತಂದು ಒಂದೇ ಫೋನು. ಅದನ್ನೇ ಬರೆಸಿದ್ದು. ಬ್ಯಾಂಕಿಗೂ ಅದೇ. ಬದಲು ಮಾಡಿಸಾಕೆ ಹೋದ್ರೆ ಅಲ್ಲೂ ಬೆರಳು ಇಡ್ರಿ ಅಂತಾರೆ. ಆತ ನನ್ನ ಬಿಟ್ಟು ಎಷ್ಟು ವರ್ಷ ಆತು, ಇವತ್ತಿಗೂ ನಂಗೆ ಸ್ಕಾಲರ್‌ಶಿಪ್ ಬಂದ್ರೆ ಮೊದಲು ಆತನ ಜೇಬಿನಾಗೆ ಗುಂಯ್ ಅಂತೈತೆ. ಈಗ ಆತಗೆ ಫೋನ್ ಮಾಡಿ, ನಿಮಗೊಂದು ನಂಬರ್ ಬಂದೈತಲ್ರೀ, ಸ್ವಲ್ಪ ಹೇಳ್ರಿ ಅನ್ನಬೇಕು. ಅನ್ನಲ್ಲ ಅಜ್ಜಿ. ಬೆರಳೇ ಬರಿಸ್ತೀನಿ. ಕಿತ್ತುಹೋದ ಉಗುರು ತಿರುಗಿ ಬರಲ್ವಾ, ಹಂಗೇ ಬರ್ತೈತೆ. ನಾಳೆಯಿಂದ ನಾನು ಕತ್ತಿಗೆ ಬರಲ್ಲ ಅಂತ ಷಣ್ಮುಖಪ್ಪಗೆ ನೀನೇ ಹೇಳಿಬಿಡು.”

ಪ್ರಮೀಳಾ ಇಷ್ಟನ್ನೂ ಹೇಳಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ, ದೀಪಾವಳಿ ಕಳೆದ ವಾರದಲ್ಲಿ. ಅವಳು ಮಾತಾಡುವುದು ಕಡಿಮೆ, ಮಾತಾಡಿದಾಗ ನಡುವೆ ಬಾಯಿ ಹಾಕಿದರೆ ನಿಂತುಹೋಗುತ್ತದೆ.

ಅವಳು ಹುಟ್ಟಿದ್ದು ನ್ಯಾಮತಿಯಲ್ಲಿ. ಪಿಯುಸಿ ಓದಿದ್ದು ಹೊನ್ನಾಳಿಯಲ್ಲಿ, ಅಣ್ಣ ಗುರುಬಸವರಾಜನ ಮನೆಯಲ್ಲಿದ್ದುಕೊಂಡು. ಜಗಳೂರಿನ ತಿಪ್ಪೇರುದ್ರಸ್ವಾಮಿ ಎಂಬ ಕುರಿ ವ್ಯಾಪಾರದವನಿಗೆ ಕೊಟ್ಟರು. ಮಕ್ಕಳಾಗಲಿಲ್ಲ. ಆತ ಇನ್ನೊಬ್ಬಳನ್ನು ಮಾಡಿಕೊಂಡ. ಹೊಡೆಯಲಿಲ್ಲ, ಬೈಯಲಿಲ್ಲ, ಸಂತೆಯಿಂದ ಬಂದವನು ಚೀಲ ಇಳಿಸುವ ಹಾಗೆ ಒಂದು ದಿನ ಹೇಳಿದನಂತೆ. ಹಿರಿಯರು ಕೂತು ಬಿಡಿಸಿದರು. ಪ್ರಮೀಳಾ ಅಣ್ಣನ ಮನೆಗೆ ಬಂದಳು, ಅತ್ತಿಗೆಯ ಮುಖ ನೋಡಿದಳು, ಕೆಲವು ವರ್ಷ ನೋಡುತ್ತಲೇ ಇದ್ದಳು. ಆಮೇಲೆ ಚನ್ನಗಿರಿಯ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಹಚ್ಚಿ, ನಮ್ಮ ಸಂತೇಬೆನ್ನೂರಿನಲ್ಲಿ ನನ್ನ ಮನೆಯ ಪಕ್ಕದ ಒಂಟಿ ಕೋಣೆ ಹಿಡಿದಳು. ಚನ್ನಗಿರಿಯಲ್ಲಿ ಬಾಡಿಗೆ ಹೆಚ್ಚು. ಬಸ್ಸು ಹೆಂಗಸರಿಗೆ ಪುಕ್ಕಟೆ.

ಮೂವತ್ತು ದಾಟಿದ ಹೆಂಗಸು ಹದಿನೆಂಟರ ಮಕ್ಕಳ ನಡುವೆ ಕೂತರೆ ಹೇಗಿರುತ್ತದೆ ಎಂದು ನಾನು ಕೇಳಿದ್ದೆ. “ಆಂಟಿ ಅಂತಾರೆ, ಮರ್ಯಾದೆ ಕೊಡ್ತಾರೆ. ನಾನು ಬಂದು ಕೂತ್ರೆ ಮಾತು ನಿಲ್ಲಿಸ್ತಾರೆ” ಅಂದಳು. ಮಧ್ಯಾಹ್ನ ಬುತ್ತಿಯನ್ನು ಸೈಕಲ್ ನಿಲ್ಲಿಸುವ ಕಡೆ ಹೋಗಿ ಒಬ್ಬಳೇ ತಿನ್ನುತ್ತಿದ್ದಳಂತೆ.

ಅವಳ ಓದು ನಿಂತಿದ್ದು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ. ಫೀಸು, ಪುಸ್ತಕ, ಕೋಣೆಯ ಬಾಡಿಗೆ ಅದರಲ್ಲಿ ಹೋಗುತ್ತಿತ್ತು. ಅನ್ನಕ್ಕೆ ಅಡಿಕೆ ಸುಲಿಯುತ್ತಿದ್ದಳು. ತೋಟದ ಫಸಲು ಗುತ್ತಿಗೆ ಹಿಡಿಯುವ ಷಣ್ಮುಖಪ್ಪನ ಷೆಡ್ಡಿನಲ್ಲಿ ನಾವು ಹೆಂಗಸರೆಲ್ಲ ಸುಲಿಯುವವರು. ಮಣೆಗೆ ನೆಟ್ಟ ಕತ್ತಿಯ ಮುಂದೆ ಕೂತು, ಹಸಿ ಅಡಿಕೆಯನ್ನು ಒತ್ತಿ ತಿರುವಿ ಸಿಪ್ಪೆ ಬಿಡಿಸುವುದು. ಸುಗ್ಗಿಯಲ್ಲಿ ಅವಳು ಬೆಳಗಿನ ಬಸ್ಸಿಗೆ ಮುಂಚೆ ಒಂದಿಷ್ಟು, ಸಂಜೆ ಬಂದು ಒಂದಿಷ್ಟು, ಭಾನುವಾರ ಪೂರ್ತಿ ಸುಲಿಯುವಳು. ಷಣ್ಮುಖಪ್ಪ ಒಮ್ಮೆ ಹೇಳಿದ್ದ: “ಇಷ್ಟೊಂದು ಓಡಾಡೋ ಬದಲು ಮನೇಲೇ ಕೂತು ಅಂಚೆಯಾಗೆ ಓದೋ ಡಿಗ್ರಿ ಐತಲ್ಲವ್ವ, ಅದನ್ನ ಮಾಡು.” ಆಕೆ ಅಂದಳು, “ಅದಕ್ಕೆ ಈ ಸಹಾಯ ಬರಲ್ಲ ಯಜಮಾನ್ರೇ. ದಿನಾ ಹೋಗಿ ಹಾಜರಿ ಹಾಕ್ಸೋರಿಗೇ ಬರೋದು. ಆಮೇಲೆ ಒಬ್ಬಳೇ ಕೂತಿದ್ದು ಸಾಕಾಗೈತೆ.”

ಅಡಿಕೆಯ ಒಗರು ಕೈಗೆ ಏನು ಮಾಡುತ್ತದೆಂದು ಸುಲಿದವರಿಗೇ ಗೊತ್ತು. ಮೊದಲು ಕಂದು, ಆಮೇಲೆ ಕಪ್ಪು, ಆಮೇಲೆ ಚರ್ಮ ಹಾವಿನ ಪೊರೆಯಂತೆ ಏಳುತ್ತದೆ. ಬೆರಳ ತುದಿ ನುಣ್ಣಗೆ, ನೀರಲ್ಲಿ ಸವೆದ ಕಲ್ಲಿನ ಹಾಗೆ ಆಗುತ್ತದೆ. ಸುಗ್ಗಿಯಲ್ಲಿ ರೇಷನ್ ಅಂಗಡಿಯಲ್ಲೂ ನಮ್ಮ ಬೆರಳು ನಡೆಯುವುದಿಲ್ಲ. ಮನೆಯ ಗಂಡಸರನ್ನೋ ಮಕ್ಕಳನ್ನೋ ಕಳಿಸುತ್ತೇವೆ. ಅವಳಿಗೆ ಕಳಿಸಲು ಯಾರಿದ್ದರು? ಇದ್ದರೂ ಅವಳ ಓದಿಗೆ ಇನ್ನೊಬ್ಬರ ಬೆರಳು ನಡೆಯುವುದಿಲ್ಲ.

ಡಿಸೆಂಬರ್ ಮುಗಿಯುವುದರೊಳಗೆ ಬೆರಳು ಕೊಡಬೇಕು, ಇಲ್ಲದಿದ್ದರೆ ಆ ವರ್ಷದ ಸಹಾಯ ಇಲ್ಲ. ಸಹಾಯ ಇಲ್ಲದಿದ್ದರೆ ಕೊನೆಯ ವರ್ಷಕ್ಕೆ ಅವಳು ಹೋಗುವಂತಿಲ್ಲ. ಇದು ನಮಗೆಲ್ಲ ತಿಳಿದದ್ದೇ.

ಹಾಗೆ ಅವಳು ಕತ್ತಿ ಬಿಟ್ಟಳು. ಕಾಲೇಜಿಗೆ ಹೋಗುವಳು, ಬರುವಳು. ಸಂಜೆ ಕೋಣೆಯ ಬಾಗಿಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಕೈ ತೊಳೆಯುವಳು, ನಿಂಬೆಹಣ್ಣು ಉಜ್ಜುವಳು, ಕೊಬ್ಬರಿಎಣ್ಣೆ ಸವರಿ ಎರಡು ಕೈಯನ್ನೂ ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು ಸುಮ್ಮನೆ ಕೂರುವಳು. ಪುಸ್ತಕವನ್ನು ಎಣ್ಣೆಯ ಕೈಯಲ್ಲಿ ಮುಟ್ಟುವಂತಿಲ್ಲ. ನಾನು ಒಂದು ಬಟ್ಟಲು ಸಾರು ಕೊಟ್ಟರೆ ಬೇಡವೆನ್ನುತ್ತಿರಲಿಲ್ಲ, ಆದರೆ ಬಟ್ಟಲನ್ನು ಖಾಲಿ ಕೊಡಬಾರದೆಂದು ಎರಡು ಬಿಲ್ಲೆ ಬೆಲ್ಲವಾದರೂ ಹಾಕಿ ಕೊಡುವಳು.

ಷೆಡ್ಡಿನಲ್ಲಿ ಇದು ಬೇರೆಯಾಗಿ ಹೊರಟಿತು. ಅದಕ್ಕೆ ನಮ್ಮ ಷೆಡ್ಡಿನ ಒಂದು ವಾಡಿಕೆ ಕಾರಣ. ಸುಲಿಯುವ ಹೆಣ್ಣಿಗೆ ಮದುವೆ ಗೊತ್ತಾದರೆ ಅವಳನ್ನು ಕತ್ತಿಯಿಂದ ಎಬ್ಬಿಸಿಬಿಡುತ್ತೇವೆ. ಕರಿ ಕೈಗೆ ಅರಿಶಿನ ಹತ್ತುವುದಿಲ್ಲ, ನಾಲ್ಕು ಜನರ ಮುಂದೆ ಕೈ ನೀಡಲು ಹುಡುಗಿ ನಾಚುತ್ತಾಳೆ. ಅವಳು ಹುಣಸೆ, ನಿಂಬೆ, ಎಣ್ಣೆ ಎಂದು ಕೈ ತಿಳಿಮಾಡಿಕೊಂಡು ಮನೆಯಲ್ಲಿ ಕೂರುತ್ತಾಳೆ. ಅವಳ ಕೂಲಿ ತಪ್ಪಬಾರದೆಂದು ಕೂಲಿಗೆ ಅಡಿಕೆ ಅಳೆಯುವ ಅವಳ ಡಬ್ಬವನ್ನು ಕಂಬದ ಹತ್ತಿರ ಇಡುತ್ತೇವೆ. ಮನೆಗೆ ಹೊರಡುವ ಮುಂಚೆ ಪ್ರತಿಯೊಬ್ಬಳೂ ತಾನು ಸುಲಿದದ್ದರಲ್ಲಿ ಒಂದು ಬೊಗಸೆ ಅದಕ್ಕೆ ಸುರಿಯಬೇಕು. ಅದೇ ಮದುಮಗಳ ಡಬ್ಬ. ಅದರ ಕೂಲಿಯನ್ನು ಷಣ್ಮುಖಪ್ಪ ಬರೆದಿಟ್ಟು ಮದುವೆಯ ಹೊತ್ತಿಗೆ ಅವಳಿಗೆ ಕೊಡುತ್ತಾನೆ.

ನಾನು ಷಣ್ಮುಖಪ್ಪನಿಗೆ ಹೇಳಿದೆ, ಪ್ರಮೀಳಾ ಬೆರಳಿಗೋಸ್ಕರ ಬಿಟ್ಟಿದ್ದಾಳೆ ಎಂದು. ಹಫೀಜಾ ಕತ್ತಿಯಿಂದ ತಲೆ ಎತ್ತಿದಳು. ಅವಳು ನಮ್ಮಲ್ಲೆಲ್ಲ ಚುರುಕು, ಕೈಯೂ ಬಾಯಿಯೂ.

“ಬೆರಳಿಗಾ? ಯಾವ ಬೆರಳಿಗೆ ಕೆಂಪಕ್ಕ, ಕಾಲಿಂದಾ ಕೈಯಿಂದಾ?”

ಎಲ್ಲರೂ ನಕ್ಕರು. ಕಾಲ ಬೆರಳೆಂದರೆ ಕಾಲುಂಗುರ.

“ಹೆಬ್ಬೆಟ್ಟಿನ ಗೆರೆ ಬರಬೇಕಂತೆ ಕಣೆ. ಕಾಲೇಜಿನ ದುಡ್ಡಿಗೆ” ಎಂದೆ.

“ಹೆಬ್ಬೆಟ್ಟಿನ ಗೆರೆಗೆ ಸುಗ್ಗಿಯಾಗೆ ಯಾರಾದ್ರೂ ಕೂಲಿ ಬಿಡ್ತಾರಾ?” ಎಂದಳು ಅಂಜಮ್ಮ ಆ ಕಡೆಯಿಂದ. “ನಾನು ನೆನ್ನೆ ನೋಡ್ದೆ. ಬಾಗಿಲಾಗೆ ಕೂತು ನಿಂಬೆಹಣ್ಣು ತಿಕ್ಕಂತಿದ್ಲು. ಮುಖದಾಗೆ ಒಂಥರಾ ಕಳೆ.”

“ಕಳೆ ಇದ್ದೇ ಇರ್ತೈತೆ” ಎಂದಳು ಹಫೀಜಾ. “ಎರಡನೇದು ಯಾವಾಗ್ಲೂ ಗುಟ್ಟಾಗೇ ಆಗಬೇಕು. ಡಬ್ಬ ಇಡ್ರೇ.”

ಅವಳು ತಮಾಷೆಗೇ ಇಟ್ಟಳು. ಅಂಜಮ್ಮ ತಮಾಷೆಯೆಂದು ತಿಳಿಯದೆ ಒಂದು ಬೊಗಸೆ ಸುರಿದಳು. ಅಂಜಮ್ಮ ಸುರಿದಳೆಂದು ಇನ್ನೊಬ್ಬಳು ಸುರಿದಳು. ನಾನು ಬೇಡವೆಂದರೆ, ಪಕ್ಕದ ಮನೆಯವಳು ಗುಟ್ಟು ಕಾಯುತ್ತಿದ್ದಾಳೆ ಎಂದು ಇನ್ನಷ್ಟು ನಂಬಿದರು. ನಿಜ ಹೇಳಿದ್ದೇ ಸುಳ್ಳಿನ ಹಾಗೆ ಕೇಳಿಸಿತು. ಅಡಿಕೆ ತುಂಬುವ ಗಾಡಿಯವರ ಬಾಯಲ್ಲಿ ಸುದ್ದಿ ಚನ್ನಗಿರಿ ದಾಟಿ ಹೊನ್ನಾಳಿಗೆ ಹೋಯಿತು.

ಒಂದು ಭಾನುವಾರ ಗುರುಬಸವರಾಜ ಬಂದ. ತಂಗಿ ಇಲ್ಲಿಗೆ ಬಂದ ಮೇಲೆ ಅವನು ಬಂದದ್ದು ಅದೇ ಮೊದಲು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಕಂಕುಳಲ್ಲಿ ಅಂಗಡಿಯ ಚೀಲ. ಪ್ರಮೀಳಾ ಚಾಪೆ ಹಾಸಿದಳು. ಕುಡಿಯಲು ನೀರು ಕೊಟ್ಟಳು. ನಾನು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದೆ, ಕರೆದು ಕೂರಿಸಿಕೊಂಡಳು. ಒಬ್ಬಳೇ ಎದುರಿಸಲು ಅವಳಿಗೆ ಹೆದರಿಕೆ ಇತ್ತೇನೋ.

“ಯಾವ ಊರವ್ವ?” ಎಂದ ಅವನು, ನಗುತ್ತ.

“ಏನು ಯಾವ ಊರು?”

“ನನ್ನ ಹತ್ರ ಯಾಕೆ ಮುಚ್ಚಿಡ್ತೀಯ. ನಾನೇನು ಬ್ಯಾಡ ಅಂತೀನಾ? ನಿಮ್ಮತ್ತಿಗೆನೇ ಅಂದ್ಲು, ಹೋಗಿ ಬರ್ರಿ, ಒಡಹುಟ್ಟಿದೋರು ನಿಲ್ಲದಿದ್ರೆ ಚೆನ್ನಾಗಿರಲ್ಲ ಅಂತ. ಆತ ಏನು ಕೆಲಸ ಮಾಡ್ತಾನೆ? ಮೊದಲಿನಾಕೆ ಇಲ್ಲ ತಾನೆ?”

ಪ್ರಮೀಳಾ ನನ್ನ ಮುಖ ನೋಡಿದಳು. ಡಬ್ಬದ ವಿಷಯ ಅವಳಿಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ನಾನು ತಿಳಿಸಬೇಕೆಂದುಕೊಂಡು, ನಾಲ್ಕು ದಿನದಲ್ಲಿ ತಾನಾಗಿ ಆರುತ್ತದೆ ಎಂದು ಬಿಟ್ಟಿದ್ದೆ. ಈಗ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

“ಮದುವೆ ಇಲ್ಲಣ್ಣ. ಹೆಬ್ಬೆರಳಿಗೆ ಬಿಟ್ಟಿರೋದು. ನನ್ನ ಓದಿನ ದುಡ್ಡಿಗೆ ಬೆರಳು ಬೇಕು, ಇಲ್ಲಾಂದ್ರೆ ಜಗಳೂರಿನ ಫೋನಿಗೆ ಬರೋ ನಂಬರ್ ಬೇಕು.”

ಅವನು ಇನ್ನೂ ನಗುತ್ತಲೇ ಇದ್ದ. “ಹೆಬ್ಬೆರಳಿಗೆ ಅಂತೆ” ಎಂದು ನನಗೆ ಹೇಳಿದ. ಆಮೇಲೆ ಅವಳ ಕೈ ನೋಡಿದ, ಕೋಣೆಯ ಮೂಲೆಯಲ್ಲಿದ್ದ ಪುಸ್ತಕ ನೋಡಿದ. ನಗು ಎಲ್ಲಿ ಹೋಯಿತೋ. ಅವಳು ಕಾಲೇಜಿಗೆ ಸೇರಿದಾಗ ಅವನಿಗೆ ಇಂಥ ಸಂತೋಷ ಆಗಿರಲಿಲ್ಲ, ಪಾಸಾದಾಗಲೂ ಆಗಿರಲಿಲ್ಲ. ಅದು ಅವಳಿಗೂ ಆ ಹೊತ್ತಿಗೆ ಕಂಡಿರಬೇಕು.

“ಇಷ್ಟಕ್ಕೆ ಕೂಲಿ ಬಿಟ್ಟು ಕೂತೀಯಾ? ಆತಗೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ಲ. ನಂಬರ್ ತಾನೆ ಕೇಳೋದು, ಆಸ್ತಿ ಕೇಳ್ತೀಯಾ?” ಎನ್ನುತ್ತಲೇ ಜೇಬಿನಿಂದ ಫೋನ್ ತೆಗೆದ. ಅವಳು ಬೇಡವೆನ್ನುವುದರೊಳಗೆ ಕರೆ ಹೋಗಿಯಾಗಿತ್ತು. ಅವನಿಗೆ ಕಿವಿ ಮಂದ, ಯಾವಾಗಲೂ ಜೋರಾಗಿ ಕೇಳುವ ಹಾಗೆ ಇಟ್ಟು ಮಾತಾಡುತ್ತಾನೆ. ಫೋನಿನೊಳಗಿಂದ ಕುರಿಗಳ ಸದ್ದು ಬಂತು.

ಗುರುಬಸವರಾಜ ವಿಷಯ ಹೇಳಿದ. ಆ ಕಡೆಯಿಂದ ತಿಪ್ಪೇರುದ್ರಸ್ವಾಮಿ, “ಅಯ್ಯೋ ಅದಕ್ಕೇನು, ಬಂದ ಕೂಡ್ಲೆ ಹೇಳ್ತೀನಿ. ಪ್ರಮೀಳಾ ಅದಾಳಾ ಅಲ್ಲಿ? ಕೊಡ್ರಿ” ಎಂದ.

ಅವಳು ಫೋನು ತೆಗೆದುಕೊಂಡಳು, ಕಿವಿಗೆ ಇಡಲಿಲ್ಲ. ಎಣ್ಣೆಯ ಅಂಗೈ ಮೇಲೆ ಇಟ್ಟುಕೊಂಡಳು.

“ಚೆನ್ನಾಗಿದೀಯಾ? ಹೋದ ವರ್ಷ ನಿನ್ನ ದುಡ್ಡು ಬಂದಿದ್ದು ಮೆಸೇಜ್ ಬಂದಿತ್ತು. ಓಹೋ, ಕಾಲೇಜಿಗೆ ಹೋಗ್ತಾಳೆ ಅಂತ ನಮ್ಮನೆಯಾಕೆಗೂ ಹೇಳ್ದೆ. ಖುಷಿ ಆತು. ಯಾವಾಗ ಬೇಕಾದ್ರೂ ಕೇಳು, ನಂಬರ್ ತಾನೆ. ಮಾಡೋ ಹೊತ್ತಿಗೆ ಒಂದು ಮಿಸ್ ಕಾಲ್ ಕೊಡು, ಸಾಕು.”

ಮಾತಿನಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆತ ಎರಡು ಸಲ ಹಲೋ ಎಂದ.

“ಬ್ಯಾಡ್ರಿ. ಬೆರಳು ಬರ್ತೈತೆ” ಎಂದಳು. ಅಣ್ಣನಿಗೆ ಫೋನು ವಾಪಸು ಕೊಟ್ಟಳು. ಅವನು ಅದರ ಮೇಲಿನ ಎಣ್ಣೆಯನ್ನು ಪಂಚೆಗೆ ಒರೆಸಿಕೊಂಡ.

“ಬರದಿದ್ರೆ?”

ಅವಳು ನೀರಿನ ಲೋಟ ಎತ್ತಿಟ್ಟಳು. ಅವನು ಹೊರಡಲು ಎದ್ದು, ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಒಳಗೆ ಹೊಸ ಸೀರೆಯ ಅಂಚು ಕಾಣುತ್ತಿತ್ತು. “ನಿಮ್ಮತ್ತಿಗೆ ಆರಿಸಿದ್ದು” ಎಂದ.

“ತಗಂಡು ಹೋಗಣ್ಣ. ಅತ್ತಿಗೆಗೇ ಒಪ್ತೈತೆ.”

ಇಟ್ಟು ಹೋಗುತ್ತಾನೆಂದು ನಾನು ತಿಳಿದಿದ್ದೆ. ತೆಗೆದುಕೊಂಡು ಹೋದ. ಬಾಳೆಹಣ್ಣು ಬಿಟ್ಟು ಹೋದ. ಅವಳು ಅದರಲ್ಲಿ ಅರ್ಧ ನನಗೆ ಕೊಟ್ಟಳು. ಉಳಿದದ್ದು ಗೂಡಿನಲ್ಲಿ ಕಪ್ಪಾಗುವ ತನಕ ಇತ್ತು.

ಆ ಸಂಜೆಯೇ ಅವಳು ನನ್ನ ಜೊತೆ ಷೆಡ್ಡಿಗೆ ಬಂದಳು. ಕಂಬದ ಹತ್ತಿರ ಡಬ್ಬ ಮುಕ್ಕಾಲು ತುಂಬಿತ್ತು. ಮಾತೆಲ್ಲ ನಿಂತು, ಕತ್ತಿಯ ಸದ್ದು ಮಾತ್ರ ಉಳಿಯಿತು.

“ನಂಗೆ ಮದುವೆ ಇಲ್ಲ” ಎಂದಳು, ತರಗತಿಯಲ್ಲಿ ಎದ್ದು ನಿಂತವಳ ಹಾಗೆ. “ಕೆಂಪಜ್ಜಿ ಹೇಳಿದ್ದೇ ನಿಜ. ಇದು ನಂದಲ್ಲ. ನಿಮ್ಮ ನಿಮ್ಮದು ತಗಳ್ರಿ.”

ಅಂಜಮ್ಮ ಕತ್ತಿಯಿಂದ ಕೈ ತೆಗೆದು ಹೇಳಿದಳು, “ಮತ್ತೆ ಇಷ್ಟು ದಿನ ನಾವು ಸುರಿದಿದ್ದು?”

“ನಾನು ಸುರೀರಿ ಅಂದಿರಲಿಲ್ಲ ಅಂಜಕ್ಕ.”

“ಯಾರೂ ಏನೂ ತಗಣಂಗಿಲ್ಲ” ಎಂದಳು ಹಫೀಜಾ. ತಾನು ಮಾಡಿದ ತಮಾಷೆ ಎಲ್ಲಿಗೆ ಹೋಗಿ ನಿಂತಿತೆಂದು ಅವಳಿಗೆ ಗೊತ್ತಾಗಿತ್ತು, ದನಿ ಗಡುಸಾಗಿತ್ತು. “ಡಬ್ಬ ಇಡೋದು ಕೈ ತಿಳಿ ಆಗಾಕೆ. ಗಂಡ ಬರಾಕಲ್ಲ. ಇವಳ ಕೈಯೂ ಕೈಯೇ. ತಗಂಡು ಹೋಗೇ ಪ್ರಮೀಳಾ.”

“ಮದುಮಗಳ ಡಬ್ಬ ಅಂತಾರೆ ಇದಕ್ಕೆ. ಕಾಲೇಜಿನ ಡಬ್ಬ ಅನ್ನಲ್ಲ” ಎಂದಳು ಅಂಜಮ್ಮ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ವಾಡಿಕೆ ಹಾಗೇ ಇತ್ತು. ನಾನು ಹಫೀಜಾಳ ಮಾತೇ ಸರಿ ಎಂದೆ. ಒಬ್ಬಿಬ್ಬರು ತಲೆಯಾಡಿಸಿದರು. ಆದರೆ ಎಲ್ಲರೂ ಪ್ರಮೀಳಾಳ ಮುಖ ನೋಡುತ್ತಿದ್ದರು. ಅವಳು ಬಗ್ಗಿ ಡಬ್ಬವನ್ನು ರಾಶಿಗೆ ಬಗ್ಗಿಸಿದಳು, ಅದನ್ನು ಬೋರಲಾಗಿ ಕಂಬಕ್ಕೆ ಒರಗಿಸಿದಳು, ಬಂದ ಹಾಗೇ ಹೋದಳು.

“ಜಂಬ” ಎಂದಳು ಅಂಜಮ್ಮ. ಹಫೀಜಾಳ ಕತ್ತಿ ಆ ಸಂಜೆ ನಿಧಾನವಾಗಿ ನಡೆಯಿತು.

ಆಮೇಲಿನ ದಿನಗಳು ಅವಳಿಗೆ ಹೇಗೆ ಕಳೆದವೋ. ಒಲೆ ಹಚ್ಚಿದ ಹೊಗೆ ಒಂದೇ ಹೊತ್ತು ಕಾಣುತ್ತಿತ್ತು. ಗೋಡೆಯ ಈಚೆಗೆ ಓದುವ ದನಿ ಕೇಳುತ್ತಿತ್ತು. ಗಟ್ಟಿಯಾಗಿ ಓದುವಳು, ಯಾರಿಗೋ ಪಾಠ ಹೇಳುವವಳಂತೆ. ಹಫೀಜಾ ಒಂದು ದಿನ ತಟ್ಟೆಯಲ್ಲಿ ಜೋಳದ ರೊಟ್ಟಿ ತಂದಳು. ಕೋಣೆಗೆ ಬೀಗ ಇತ್ತು. ನನ್ನ ಕೈಗೆ ಕೊಟ್ಟು, “ನಾನು ತಂದೆ ಅನ್ನಬ್ಯಾಡ, ತಿನ್ನಲ್ಲ” ಎಂದಳು. ನಾನು ಹೇಳಿಯೇ ಕೊಟ್ಟೆ. ಪ್ರಮೀಳಾ ತಿಂದಳು, ತಟ್ಟೆ ತೊಳೆದು ಬೆಲ್ಲ ಹಾಕಿ ಕೊಟ್ಟಳು.

ಹೊಸ ಚರ್ಮ ಬಂದಿತು. ನನ್ನ ಕಣ್ಣಿಗೆ ಏನೂ ಕಾಣದು, ಅವಳು ಬಿಸಿಲಿಗೆ ಹಿಡಿದು ತೋರಿಸುವಳು. ಹೆಬ್ಬೆರಳ ಅಂಚಿನಲ್ಲಿ ಎಳೆ ಎಳೆಯಾಗಿ, ಮಗುವಿನ ಕೂದಲಿನಷ್ಟು ತೆಳುವಾಗಿ ಗೆರೆ ಎದ್ದಿವೆ ಎನ್ನುವಳು. ಎಡಗೈಯಲ್ಲೇ ಪಾತ್ರೆ ತಿಕ್ಕುವುದನ್ನು ಕಲಿತಳು. ಬಸ್ಸಿನಲ್ಲಿ ಕಂಬಿಯನ್ನು ಮೊಣಕೈಯಲ್ಲಿ ಅಪ್ಪಿ ನಿಲ್ಲುತ್ತಿದ್ದಳಂತೆ.

ಕೊನೆಯ ದಿನಕ್ಕೆ ಒಂದು ವಾರ ಉಳಿದಾಗ ನನ್ನನ್ನು ಕರೆದುಕೊಂಡು ಇಲಿಯಾಸನ ಅಂಗಡಿಗೆ ಹೋದಳು. ಅವನದು ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ, ಊರವರ ಅರ್ಜಿಯೆಲ್ಲ ಅವನೇ ಹಾಕುವುದು. ಮಿಷನ್ನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. “ಬಿಸ್ಮಿಲ್ಲಾ ಅಂತ ಇಡ್ರಕ್ಕ.” ಅವಳು ಇಟ್ಟಳು. ಕೆಂಪು ದೀಪ ಬಂತು.

“ಒತ್ತಬ್ಯಾಡ್ರಿ. ಹೂವು ಮುಟ್ಟಿದಂಗೆ ಇಡ್ರಿ.”

ಮತ್ತೆ ಕೆಂಪು. ಅವಳ ಬೆನ್ನು ನೆಟ್ಟಗಾಯಿತು. ಹೊರಗೆ ಚನ್ನಗಿರಿಯ ಬಸ್ಸು ಬಂದು ನಿಂತು, ಕೂಗಿ, ಹೊರಟುಹೋಯಿತು. ಅವಳು ಬೆರಳನ್ನು ಕೆನ್ನೆಗೆ ಒತ್ತಿ ಬೆಚ್ಚಗೆ ಮಾಡಿಕೊಂಡು ಮೂರನೆಯ ಸಲ ಇಟ್ಟಳು. ಇಲಿಯಾಸ್ ಮಿಷನ್ನಿನ ಕಡೆಗೆ ಬಗ್ಗಿದ. ಹಸಿರು ದೀಪ ಹತ್ತಿತು.

“ಅಕ್ಕಾ, ಹುಟ್ಟಿದ್ರಿ” ಎಂದ.

ಅವಳು ನಗಲಿಲ್ಲ. ಅರ್ಜಿಯ ಕೆಲಸ ಮುಗಿಸಿ ಅಲ್ಲಿಂದ ನೇರ ಅಂಚೆ ಕಚೇರಿಗೆ ನಡೆದಳು. ಅಲ್ಲಿಯೂ ಅದೇ ಬೆರಳು ಕೊಟ್ಟು, ಆಧಾರಿಗೆ ತನ್ನ ಸ್ವಂತ ಫೋನಿನ ನಂಬರು ಬರೆಸಿದಳು. ಮರುದಿನ ಬ್ಯಾಂಕಿಗೂ ಬರೆಸಿದಳು. ಆ ನಂಬರು ಎಲ್ಲ ಕಡೆ ಸೇರಿತೆಂದು ಗೊತ್ತಾದ ಮೇಲೆ ತಿರುಗಿ ಷೆಡ್ಡಿಗೆ ಬಂದಳು. ಅವಳ ಜಾಗದಲ್ಲಿ ತ್ಯಾವಣಿಗೆಯ ಹುಡುಗಿಯೊಬ್ಬಳು ಕೂತಿದ್ದಳು. ಹಫೀಜಾ ಎದ್ದು ತನ್ನ ಪಕ್ಕ ಮಣೆ ಜರುಗಿಸಿದಳು. ಪ್ರಮೀಳಾ ಬೇಡವೆಂದು ಸಿಪ್ಪೆಯ ರಾಶಿಯ ಬದಿಗೆ ಹೋಗಿ ಕೂತಳು. ಉಳಿದ ಸುಗ್ಗಿ ಅಲ್ಲೇ ಸುಲಿದಳು. ಬಂದ ಗೆರೆಗಳು ಒಂದೇ ವಾರದಲ್ಲಿ ಹೋದವು. ಇನ್ನು ಅವು ಬೇಕಿರಲಿಲ್ಲ.

ದುಡ್ಡು ಬಂದದ್ದು ಯುಗಾದಿಯ ಹತ್ತಿರ ಹತ್ತಿರ. ಸುಗ್ಗಿ ಮುಗಿದು ಷೆಡ್ಡು ಬರಿದಾಗಿತ್ತು, ಎಲ್ಲರ ಕೈಗಳೂ ತಾವಾಗಿ ತಿಳಿಯಾಗಿದ್ದವು. ಬೆಳಿಗ್ಗೆ ನಾವಿಬ್ಬರೂ ಬೀದಿಯ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನೀರಿಗೆ ಕಾಯುತ್ತಿದ್ದೆವು. ಅವಳ ಸೆರಗಿನ ಗಂಟಿನಲ್ಲಿದ್ದ ಫೋನು ಗುಂಯ್ ಎಂದಿತು. ತೆಗೆದು ಓದಿದಳು. ಇನ್ನೊಮ್ಮೆ ಓದಿದಳು.

“ಬಂತಜ್ಜಿ. ಕೊನೇ ವರ್ಷಕ್ಕೆ ಹೋಗಬಹುದು.”

“ಒಳ್ಳೇದಾತು ಮಗಳೇ. ಅಣ್ಣಗೆ ಹೇಳು.”

“ಹೇಳಬಹುದು” ಎಂದಳು. ಫೋನನ್ನು ನೋಡುತ್ತಲೇ ಇದ್ದಳು, ಅದು ತಾನಾಗಿ ಕತ್ತಲಾಗುವ ತನಕ. “ಮೊದಲಾದ್ರೆ ಜಗಳೂರಾಗಾದ್ರೂ ಗೊತ್ತಾಗ್ತಿತ್ತು. ಓಹೋ ಅನ್ನೋರು ಅಲ್ಲೊಬ್ಬರಿದ್ರು. ಈಗ ನನ್ನ ಸುದ್ದಿ ನಂಗೇ ಬರ್ತೈತೆ.”

ಅಷ್ಟರಲ್ಲಿ ನಲ್ಲಿ ಗೊರಗೊರ ಎಂದು, ಗಾಳಿ ಉಗುಳಿ, ಕೆಂಪು ನೀರು ಬಿಟ್ಟಿತು. ಅವಳು ಫೋನನ್ನು ಸೆರಗಿಗೆ ಕಟ್ಟಿಕೊಂಡಳು. ತಿಳಿನೀರು ಬರುವ ತನಕ ಕೊಡವನ್ನು ಬದಿಗೆ ಹಿಡಿದಿದ್ದು, ಮೊದಲು ನನ್ನ ಕೊಡ ಇಟ್ಟಳು, ಅದು ತುಂಬಿದ ಮೇಲೆ ತನ್ನದನ್ನು ಇಟ್ಟಳು.